ಪಾತಮ್ಮನ ಮನೆಯ ಮಾತ್ರೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬೆಳಿಗ್ಗೆ ಹೊರಡುವ ಬಸ್ಸಿನಲ್ಲಿ ಗಂಗಲಕ್ಷ್ಮಿಯ ಪಕ್ಕ ಯಾರೇ ಕೂರಲಿ, ಇಳಿಯುವ ಹೊತ್ತಿಗೆ ಸೊಸೆಯ ಗುಣ, ಗಂಡನ ಕುಡಿತ, ನಾದಿನಿಯ ಕಿತಾಪತಿ ಎಲ್ಲವನ್ನೂ ಅವಳ ಮುಂದೆ ಸುರಿದು ಹಗುರಾಗಿ ಇಳಿದುಹೋಗುತ್ತಿದ್ದರು. ಅವಳ ಮುಖವೇ ಅಂಥದ್ದು. ಒಮ್ಮೆ ಕಂಡಕ್ಟರೇ ಟಿಕೆಟ್ ಕೊಡುವುದನ್ನು ಬಿಟ್ಟು ತನ್ನ ವರ್ಗಾವಣೆಯ ಗೋಳು ಹೇಳಿಕೊಳ್ಳುತ್ತ ನಿಂತು, ಹಿಂದಿನ ಸೀಟಿನವರಿಂದ ಚೆನ್ನಾಗಿ ಉಗಿಸಿಕೊಂಡಿದ್ದ.

ಮೊಳಕಾಲ್ಮೂರಿನಲ್ಲಿ ಒಂದು ಸಣ್ಣ ಸಂಸ್ಥೆ ನಡೆಸುವ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಅವಳು ಆಪ್ತಸಮಾಲೋಚಕಿ. ಈ ಪದ ಅಲ್ಲಿನ ಜನರ ನಾಲಿಗೆಗೆ ಹೊರಳಲಿಲ್ಲ. 'ಮಾತಾಡೋ ಮೇಡಂ' ಎಂದು ಹೆಸರಿಟ್ಟರು. ಹದಿನೈದು ದಿನಕ್ಕೊಮ್ಮೆ ಮಂಗಳವಾರ ದಾವಣಗೆರೆಯಿಂದ ಬರುವ ಮನೋವೈದ್ಯೆ ಡಾಕ್ಟರ್ ಹರಿಪ್ರಿಯಾ 'ಬರೆಯೋ ಮೇಡಂ'. ಔಷಧಿ ಕಿಟಕಿಯ ಹಿಂದೆ ಕೂರುವ ಬೊಮ್ಮಯ್ಯ 'ಕೊಡೋ ಅಣ್ಣ'. ಕೇಂದ್ರದ ಪೂರ್ತಿ ಆಡಳಿತವನ್ನು ಜನ ಹೀಗೆ ಮೂರೇ ಪದದಲ್ಲಿ ಮುಗಿಸಿದ್ದರು.

ಗಂಗಲಕ್ಷ್ಮಿಗೆ ತನ್ನ ಮಾತಿನ ಮೇಲೆ ಬಲು ಭರವಸೆ. ಮನಸ್ಸಿಗೆ ಬಿದ್ದ ಗಂಟನ್ನು ಕೂತು ಮಾತಾಡಿಯೇ ಬಿಚ್ಚಬೇಕು, ಮಾತ್ರೆ ಎಂಬುದು ಡಾಕ್ಟರರ ಅವಸರಕ್ಕೆ ಹುಟ್ಟಿದ್ದು ಎಂದು ಒಳಗೊಳಗೇ ನಂಬಿದ್ದಳು. ಬಾಯಿಬಿಟ್ಟು ಹೇಳುವಷ್ಟು ದಡ್ಡಳಲ್ಲ. ಆದರೆ ಔಷಧಿ ಚೀಟಿ ಕೈಗೆ ಬಂದರೆ ಅದರಲ್ಲೇನಿದೆ ಎಂದು ಕಣ್ಣು ಹಾಯಿಸದೆ ಕಿಟಕಿಯ ಕಡೆ ದಾಟಿಸುತ್ತಿದ್ದಳು. "ಮೇಡಂ, ಈ ಗುಳಿಗೆ ಏನ್ ಮಾಡ್ತೈತೆ?" ಎಂದು ಯಾರಾದರೂ ಕೇಳಿದರೆ, "ಅದನ್ನ ಡಾಕ್ಟರನ್ನೇ ಕೇಳ್ರಿ" ಎಂದು ನಗುತ್ತಿದ್ದಳು. ಡಾಕ್ಟರು ಒಬ್ಬೊಬ್ಬರನ್ನು ನೋಡುವುದು ಮೂರು ನಿಮಿಷ. ಹೊರಗೆ ಎಪ್ಪತ್ತು ಜನ. ಯಾರು ಕೇಳುತ್ತಾರೆ!

ಇಂಥವಳ ಪಾಲಿಗೆ ಬಂದವನು ಈರೇಶ.

ದೇವಸಮುದ್ರದ ಆಚೆಯ ಒಂದು ಹಟ್ಟಿಯವನು, ಇಪ್ಪತ್ತಾರು ವರ್ಷ, ಕುರಿ ಕಾಯುವ ಮನೆ. ಒಂದು ವರ್ಷದಿಂದ ಅವನ ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದರು. ಹಿಂಡನ್ನು ಬಯಲಲ್ಲಿ ಬಿಟ್ಟು, ಕರೆದವರನ್ನು ಹುಡುಕಿಕೊಂಡು ಗುಡ್ಡ ಹತ್ತಿಬಿಡುತ್ತಿದ್ದ. ಅವ್ವ ಪಾತಮ್ಮ ದೇವರು ದಿಂಡರನ್ನೆಲ್ಲ ಮುಗಿಸಿ ಕೊನೆಗೆ ಕೇಂದ್ರಕ್ಕೆ ಕರೆತಂದಿದ್ದಳು. ಡಾಕ್ಟರ್ ಹರಿಪ್ರಿಯಾ ಓಲಾಂಜಪಿನ್ ಎಂಬ ಮಾತ್ರೆ ಬರೆದರು, ಹತ್ತು ಮಿಲಿಗ್ರಾಂ, ರಾತ್ರಿ ಒಂದು.

ತಿಂಗಳಾಯಿತು, ಈರೇಶ ಹಾಗೇ ಇದ್ದ. ಮಾತ್ರೆ ಒಂದೂವರೆ ಆಯಿತು. ಆಮೇಲೆ ಎರಡಾಯಿತು. ನಾಲ್ಕನೆಯ ತಿಂಗಳಿಗೂ ಅವನು ಕೇಂದ್ರದ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತ ಗಾಳಿಗೆ ಉತ್ತರ ಕೊಡುತ್ತಲೇ ಇದ್ದ. ತಪ್ಪದೇ ನುಂಗಿಸುತ್ತೀರಾ ಎಂದರೆ ಪಾತಮ್ಮ ಸೆರಗಿನಿಂದ ಮಾತ್ರೆಯ ಖಾಲಿ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡುತ್ತಿದ್ದಳು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇಷ್ಟು ಅಚ್ಚುಕಟ್ಟಾದ ತಾಯಿ ತಾಲ್ಲೂಕಿನಲ್ಲೇ ಇಲ್ಲ ಎಂದು ಗಂಗಲಕ್ಷ್ಮಿ ಫೈಲಿನಲ್ಲಿ ಬರೆದಳು.

ಇನ್ನೂ ಒಂದು ವಿಷಯ ಬರೆದಳು. ಈರೇಶ ಅಂಗಳ ಸುತ್ತುತ್ತಿದ್ದರೆ, ಜೊತೆಗೆ ಬಂದ ಅಪ್ಪ ಜುಂಜಣ್ಣ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಪಾತಮ್ಮ ಮಾತಿನ ನಡುವೆಯೇ ತೂಕಡಿಸಿ ಗೋಡೆಗೆ ತಲೆ ಬಡಿಸಿಕೊಳ್ಳುತ್ತಿದ್ದಳು. ಕಾಲೇಜಿಗೆ ಹೋಗುವ ತಂಗಿ ಶೃತಿ, ಪಾಠದ ನಡುವೆ ನಿದ್ದೆ ಹೋಗಿ ಬೈಸಿಕೊಂಡೆ ಎಂದಳು. ಪಾಪ, ರಾತ್ರಿಯೆಲ್ಲ ಮಗನನ್ನು ಕಾದು ಬೇಯುತ್ತಿದ್ದಾರೆ ಎಂದು ಗಂಗಲಕ್ಷ್ಮಿಯ ಕರುಳು ಚುರ್ರೆಂದಿತು. 'ಆರೈಕೆ ಮಾಡುವವರ ಬಳಲಿಕೆ' ಎಂದು ಬರೆದು ಎರಡು ಗೆರೆ ಎಳೆದಳು. ಪಾತಮ್ಮನಿಗೆ ದೀರ್ಘವಾಗಿ ಉಸಿರೆಳೆದು ಬಿಡುವ ವ್ಯಾಯಾಮವನ್ನೂ ಕಲಿಸಿದಳು. ಪಾತಮ್ಮ ಮೂರನೆಯ ಉಸಿರಿಗೇ ನಿದ್ದೆ ಹೋದಳು. ವ್ಯಾಯಾಮ ಕೆಲಸ ಮಾಡಿತು ಎಂದು ಗಂಗಲಕ್ಷ್ಮಿ ಅದನ್ನೂ ಬರೆದುಕೊಂಡಳು.

ಆ ಮಂಗಳವಾರ ಡಾಕ್ಟರ್ ಹರಿಪ್ರಿಯಾ ಪೆನ್ನು ಕೆಳಗಿಟ್ಟರು. "ಇಷ್ಟು ಕೊಟ್ಟರೂ ಏನೂ ಆಗಿಲ್ಲ ಅಂದ್ರೆ ಈ ಔಷಧಿ ಇವನಿಗೆ ಹಿಡಿಯಲ್ಲ. ಮುಂದಿನ ಸಲಕ್ಕೂ ಹೀಗೇ ಇದ್ದರೆ ದೊಡ್ಡಾಸ್ಪತ್ರೆಗೆ ಸೇರಿಸೋಣ. ಬೇರೆ ಔಷಧಿ ಶುರು ಮಾಡಬೇಕು, ಅದಕ್ಕೆ ವಾರ ವಾರ ರಕ್ತ ಪರೀಕ್ಷೆ ಆಗಬೇಕು. ತಿಂಗಳಾಗಬಹುದು, ಎರಡೂ ಆಗಬಹುದು."

ಪಾತಮ್ಮನ ನಿದ್ದೆ ಹಾರಿಹೋಯಿತು. "ಸಂಕ್ರಾಂತಿ ಕಳುದ್ರೆ ಹಿಂಡು ಮೇವಿಗೆ ತುಂಗಭದ್ರೆ ಕಡೆ ಹೊಂಡ್ಬೇಕು ತಾಯಿ. ಇವ್ನು ಇಲ್ದೆ ಈ ಮುದುಕ ಒಬ್ನೇ ಹೆಂಗ್ ಹೋಗ್ತಾನೆ? ಅದೂ ಹೋಗ್ಲಿ. ಅಷ್ಟ್ ದೂರ ಇವನ್ನ ಒಬ್ನೇ ಬಿಟ್ ಬಂದ್ರೆ ಇವ್ನು ಉಳ್ಯಲ್ಲ" ಎಂದು ಅತ್ತಳು. ಈರೇಶ ಅವ್ವನ ಸೆರಗು ಹಿಡಿದು ನಿಂತಿದ್ದ. ಹದಿನೈದು ದಿನ ಉಳಿದಿತ್ತು.

ಅವರು ಹೋದ ಮೇಲೆ ಗಂಗಲಕ್ಷ್ಮಿ ಮುಖ ಸಣ್ಣದು ಮಾಡಿಕೊಂಡು ಔಷಧಿ ಕಿಟಕಿಯ ಹತ್ತಿರ ಹೋದಳು. ಬೊಮ್ಮಯ್ಯ ನೇಕಾರರ ಮನೆಯವನು. ಮೊಣಕಾಲು ಮಗ್ಗಕ್ಕೆ ಒಗ್ಗದೇ ಹೋದಾಗ ಔಷಧಿ ಅಂಗಡಿಯ ಕೆಲಸ ಕಲಿತು ಇಲ್ಲಿಗೆ ಬಂದಿದ್ದ. ಸಮಾಧಾನದಲ್ಲಿದ್ದರೆ ಅವನ ಮಾತು ಕನ್ನಡ, ಸಿಟ್ಟು ಬಂದರೆ ತೆಲುಗು.

"ಬೊಮ್ಮಯ್ಯಣ್ಣಾ, ಈ ಓಲಾಂಜಪಿನ್ ಅಂದ್ರೆ ಏನು?"

ಬೊಮ್ಮಯ್ಯ ಕನ್ನಡಕದ ಮೇಲಿನಿಂದ ನೋಡಿದ. "ಏಮ್ಮಾ, ಮೂರು ವರ್ಷ ಆಯ್ತು ನೀ ಬಂದು. ಇದಿ ಕೂಡಾ ತೆಲೀದಾ? ಇಷ್ಟೂ ಗೊತ್ತಿಲ್ವಾ?"

ಅವಳಿಗೆ ನಿಜಕ್ಕೂ ನಾಚಿಕೆಯಾಯಿತು. ಸ್ಟೂಲು ಎಳೆದುಕೊಂಡು ಕೂತು ನೋಟ್‌ಬುಕ್ ತೆರೆದಳು. ಬೊಮ್ಮಯ್ಯನಿಗೂ ಇಷ್ಟು ದಿನ ಕೇಳುವವರಿಲ್ಲದೆ ಬಾಯಿ ತುರಿಸುತ್ತಿತ್ತೇನೋ, ಒಂದೊಂದೇ ಡಬ್ಬಿ ಇಳಿಸಿ ಶುರು ಮಾಡಿದ. ಇದು ಖಿನ್ನತೆಗೆ, ಮೂರು ನಾಲ್ಕು ವಾರ ಏನೂ ಗೊತ್ತಾಗಲ್ಲ, ಅಷ್ಟರಲ್ಲಿ ಜನ ಬೇಸತ್ತು ಬಿಟ್ಟುಬಿಡ್ತಾರೆ. "ಸೀರೆ ಮಗ್ಗಕ್ಕೆ ಏರಿಸಿದ ದಿನವೇ ಇಳಿಸ್ತೀಯೇನಮ್ಮಾ?" ಇದು ಗಾಬರಿಗೆ, ತಕ್ಷಣ ಹಿಡಿಯುತ್ತೆ, ಅದಕ್ಕೇ ಇದನ್ನ ಬಹಳ ದಿನ ಕೊಡಬಾರದು. ಇದು ಉನ್ಮಾದಕ್ಕೆ, ಇದನ್ನ ತಗೊಳ್ಳೋರು ನೀರು ಚೆನ್ನಾಗಿ ಕುಡಿಬೇಕು, ರಕ್ತ ನೋಡಿಸ್ತಿರಬೇಕು. ಯಾವುದನ್ನೂ ತಾನೇ ದಿಢೀರ್ ಅಂತ ಬಿಡಬಾರದು. ಕೊನೆಗೆ ಈರೇಶನ ಡಬ್ಬಿ ಬಂತು.

"ಇದು ಕಿವಿಯೊಳಗಿನ ದನಿಗೆ. ಆದ್ರೆ ದನಿ ಆಮೇಲೆ. ಮೊದ್ಲು ಎರಡು ಕೆಲಸ ಮಾಡುತ್ತೆ. ನಿದ್ದೆ ತರಿಸುತ್ತೆ, ಹಸಿವು ಹೆಚ್ಚಿಸುತ್ತೆ. ಇಪ್ಪತ್ತು ಮಿಲಿಗ್ರಾಂ ತಗೊಳ್ಳೋನು ಸಾಮಾನ್ಯವಾಗಿ ಬೆಳಿಗ್ಗೆ ಎಬ್ಬಿಸಿದ್ರೂ ಏಳಲ್ಲ. ನಾಲ್ಕು ತಿಂಗಳಿಗೆ ಹೊಟ್ಟೆ ಬಂದಿರುತ್ತೆ. ಈರೇಶ ಹೆಂಗಿದಾನೆ?"

"ಕಡ್ಡಿ ಇದ್ದಂಗಿದಾನೆ. ರಾತ್ರಿ ಕಣ್ಣೇ ಮುಚ್ಚಲ್ವಂತೆ."

"ಮತ್ತೆ ಈ ಮಾತ್ರೆ ಯಾರ ಮೇಲೆ ಕೆಲಸ ಮಾಡ್ತಿದೆ?"

ಗಂಗಲಕ್ಷ್ಮಿಯ ಪೆನ್ನು ನಿಂತಿತು. ಜುಂಜಣ್ಣನ ಗೊರಕೆ, ಗೋಡೆಗೆ ಬಡಿದ ಪಾತಮ್ಮನ ತಲೆ, ತರಗತಿಯಲ್ಲಿ ಮಲಗಿದ ಶೃತಿ ಕಣ್ಣಮುಂದೆ ಬಂದರು. ಪಾತಮ್ಮನ ರವಿಕೆ ಎರಡು ತಿಂಗಳಿಂದ ಬಿಗಿಯಾಗಿ, ತೋಳಿನ ಹೊಲಿಗೆ ಬಿಟ್ಟಿದ್ದೂ ನೆನಪಾಯಿತು. ಬಳಲಿದವರು ಸೊರಗಬೇಕಲ್ಲವೇ? "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಬಡಿದುಕೊಂಡಳು.

ಮರುದಿನ ಬೆಳಿಗ್ಗೆಯೇ ದೇವಸಮುದ್ರದ ಬಸ್ಸಿಳಿದು ಹಟ್ಟಿಯ ದಾರಿ ಹಿಡಿದಳು. ಈ ಸಲ ಪಕ್ಕದಲ್ಲಿ ಕೂತಿದ್ದ ಹೆಂಗಸು ಕಥೆ ಶುರು ಮಾಡಿದ್ದರೂ ಇವಳ ಕಿವಿಗೆ ಬೀಳಲಿಲ್ಲ. ಪಾತಮ್ಮನ ಮನೆ ಮುಟ್ಟಿದಾಗ ಹನ್ನೊಂದು ಗಂಟೆ. ಕುರಿ ರೊಪ್ಪದ ಬಾಗಿಲಲ್ಲಿ ಕರಿ ನಾಯಿಯೊಂದು ಮಲಗಿತ್ತು. ಹಟ್ಟಿಯ ನಾಯಿಗಳೆಂದರೆ ಗಂಗಲಕ್ಷ್ಮಿಗೆ ಜೀವಭಯ. ಚಪ್ಪಲಿ ಕೈಗೆ ತೆಗೆದುಕೊಂಡಳು. ನಾಯಿ ಒಂದು ಕಣ್ಣು ತೆರೆದು ನೋಡಿ, ಬಾಲವನ್ನು ಒಮ್ಮೆ ಎತ್ತಿ ಹಾಕಿ, ಮತ್ತೆ ಕಣ್ಣು ಮುಚ್ಚಿತು. ಕುರಿಗಳು ಇನ್ನೂ ರೊಪ್ಪದಲ್ಲೇ ಅರಚುತ್ತಿದ್ದವು. ಜುಂಜಣ್ಣ ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದ. ಒಳಗೆ ಅವನ ತಾಯಿ, ಈರೇಶನ ಅಜ್ಜಿ, ಮಲಗಿದ್ದಳು. ಎಚ್ಚರವಾಗಿ, ಗೋಡೆಗೆ ಒರಗಿ, ಏನೋ ಗೊಣಗುತ್ತ ಕೂತಿದ್ದವನು ಈರೇಶ ಒಬ್ಬನೇ.

ಪಾತಮ್ಮ ಕಣ್ಣುಜ್ಜಿಕೊಂಡು ಬಂದಳು. "ಬಾ ತಾಯಿ, ಮಜ್ಜಿಗೆ ಕುಡಿ."

"ಮಜ್ಜಿಗೆ ಇರ್ಲಿ. ಮಾತ್ರೆ ಹೆಂಗೆ ಕೊಡ್ತೀರಿ, ಒಂದ್ಸಲ ತೋರಿಸ್ರಿ."

ಪಾತಮ್ಮ ಹೆಮ್ಮೆಯಿಂದಲೇ ತೋರಿಸಿದಳು. ಎರಡು ಮಾತ್ರೆಯನ್ನು ಒರಳಲ್ಲಿ ನುಣ್ಣಗೆ ಪುಡಿ ಮಾಡುವುದು. ಸೋಡಾ ಬಾಟಲಿಯ ನೀರಿಗೆ ಹಾಕಿ ಕುಲುಕುವುದು. ಆಮೇಲೆ ಸಾಲಾಗಿ ಕೂತವರಿಗೆ ಒಬ್ಬೊಬ್ಬರಿಗೆ ಒಂದೊಂದು ಗುಟುಕು. ಜುಂಜಣ್ಣ, ಅಜ್ಜಿ, ಶೃತಿ, ತಾನು, ಈರೇಶ. "ಬ್ಯಾರೆ ಬಾಟ್ಲಿ ಕಣವ್ವ, ಕುರೀಗೆ ಕುಡ್ಸೋದಲ್ಲ. ತೊಳ್ದು ಇಟ್ಟಿದೀನಿ" ಎಂದು ಸ್ವಚ್ಛತೆಯ ಬಗ್ಗೆಯೂ ಭರವಸೆ ಕೊಟ್ಟಳು.

ಗಂಗಲಕ್ಷ್ಮಿ ರೊಪ್ಪದ ಬಾಗಿಲ ಕಡೆ ಕೈ ತೋರಿಸಿದಳು. "ಮತ್ತೆ ಆ ನಾಯಿ?"

"ಅದಕ್ಕೆಲ್ಲಿ ಕೊಡೋಣ! ತಳದಾಗೆ ಉಳ್ದಿದ್ ಗಸಿ ಅಷ್ಟೆ."

"ಪಾತಮ್ಮಾರೆ! ಕಾಯಿಲೆ ಒಬ್ಬನಿಗೆ. ಎಲ್ಲರೂ ಯಾಕೆ ಕುಡಿತಿದ್ದೀರಿ?"

ಪಾತಮ್ಮ ಇವಳನ್ನು ಏನೂ ತಿಳಿಯದ ಪೇಟೆಯವಳನ್ನು ನೋಡುವಂತೆ ನೋಡಿದಳು. "ಹಿಂಡಾಗೆ ಒಂದು ಕುರಿ ಕೆಮ್ಮಿದ್ರೆ ಒಂದಕ್ಕೇ ಔಷ್ದಿ ಹಾಕ್ತೀವೇನವ್ವ? ಎಲ್ಲಕ್ಕೂ ಹಾಕ್ತೀವಿ. ಒಂದನ್ನ ಬ್ಯಾರೆ ಕಟ್ಟಿ ಹಾಕಿದ್ರೆ ಅದು ಮೇಯಲ್ಲ, ನೀರು ಕುಡ್ಯಲ್ಲ. ಮೊದ್ಲನೇ ದಿನ ಇವ್ನೂ ಹಂಗೇ ಮಾಡ್ದ. ನಾನೊಬ್ನೇ ಯಾಕ್ ನುಂಗ್ಲಿ, ನಾನೊಬ್ನೇ ಹುಚ್ನಾ ಅಂತ ಮಾತ್ರೆ ತೂರ್ಬಿಟ್ಟ. ಅದಕ್ಕೇ ನಾನು ಕುಡ್ದೆ. ಆಮ್ಯಾಲೆ ಇವ್ರಪ್ಪ ಕುಡ್ದ. ನಮ್ಮತ್ತೆ ಹಲ್ಲಿಲ್ದ ಬಾಯ್ ತೆಗ್ದು ನಂಗೂ ಹಾಕು ಅಂದ್ಲು. ಎಲ್ರೂ ಕುಡಿಯೋದ್ ನೋಡಿ ಇವ್ನೂ ಕುಡ್ದ."

ಗಂಗಲಕ್ಷ್ಮಿ ಈರೇಶನ ಕಡೆ ತಿರುಗಿ ನೋಡಿದಳು. ಬೈಯಬೇಕೆಂದು ಹೊತ್ತು ತಂದ ಮಾತುಗಳೆಲ್ಲ ಎಲ್ಲಿ ಹೋದವೋ. ನಾಲ್ಕು ತಿಂಗಳಿಂದ ಇಡೀ ಮನೆ, ಎಂಬತ್ತು ದಾಟಿದ ಮುದುಕಿಯವರೆಗೆ, ಆ ಹುಡುಗನಿಗಾಗಿ ತೂಕಡಿಸಿಕೊಂಡು ಬದುಕಿತ್ತು. ಒಂದೇ ಒಂದು ದಿನ 'ಹೆಂಗೆ ನುಂಗಿಸ್ತೀರಿ' ಎಂದು ಕೇಳಿದ್ದರೆ ತಿಳಿಯುತ್ತಿತ್ತು. ಅದು ನನ್ನ ಕೆಲಸವಲ್ಲ ಎಂದುಕೊಂಡು ಅವಳು ಉಸಿರಾಟ ಕಲಿಸುತ್ತ ಕೂತಿದ್ದಳು. ಅವಳಿಗೆ ತನ್ನ ಮೇಲೇ ರೇಗಿತು.

"ಪಾತಮ್ಮಾರೆ, ಕುರಿಗೆ ಜಂತಿನ ಔಷಧಿ ಹಾಕ್ತೀರಲ್ಲ, ಒಂದು ಕುರಿಗೆ ಆಗೋವಷ್ಟನ್ನ ಐದಕ್ಕೆ ಹಂಚಿದ್ರೆ?"

"ಯಾವ್ದಕ್ಕೂ ತಾಕಲ್ಲ. ತೂಕ ನೋಡೇ ಹಾಕ್ಬೇಕು" ಎಂದ ಪಾತಮ್ಮ ಅಲ್ಲಿಗೇ ನಿಂತಳು. ಬಾಟಲಿಯನ್ನು ನೋಡಿದಳು, ಮಗನನ್ನು ನೋಡಿದಳು. "ಅಯ್ಯೋ ಶಿವ್ನೇ! ಮಗಂಗೆ ಒಂದ್ ಗುಟುಕೇ ಸಿಕ್ಕಿದ್ದು!" ಎಂದು ಎದೆ ಬಡಿದುಕೊಂಡಳು. ಅಷ್ಟರಲ್ಲಿ ಕಂಬಳಿಯೊಳಗಿನಿಂದ ಜುಂಜಣ್ಣನ ದನಿ ಬಂತು: "ನಾನು ಅವತ್ತೇ ಅಂದಿದ್ದೆ." ಅವನು ಅವತ್ತು ಏನೂ ಅಂದಿರಲಿಲ್ಲ. ಅದನ್ನು ಪಾತಮ್ಮ ಅವನಿಗೆ ಹಟ್ಟಿಗೆಲ್ಲ ಕೇಳುವಂತೆ ತಿಳಿಸಿಕೊಟ್ಟಳು.

ಸಿಗ್ನಲ್ ಸಿಗುವುದು ರೊಪ್ಪದ ಹಿಂದಿನ ಬಂಡೆಯ ಮೇಲೆ ಮಾತ್ರ. ಗಂಗಲಕ್ಷ್ಮಿ ಸೀರೆ ಎತ್ತಿ ಕಟ್ಟಿ ಬಂಡೆ ಹತ್ತಿ ಡಾಕ್ಟರಿಗೆ ಫೋನ್ ಮಾಡಿದಳು. ಹಟ್ಟಿಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಆಮೇಲೆ ಡಾಕ್ಟರ್ ಹರಿಪ್ರಿಯಾ, "ನಾನೂ ಕೇಳಲಿಲ್ಲ ಗಂಗಾ. ಹಾಳೆ ಖಾಲಿ ಇದೆ ಅಂತ ನೋಡಿ ಡೋಸ್ ಏರಿಸ್ತಾ ಹೋದೆ" ಎಂದರು. "ಆದ್ರೆ ಜಾಗ್ರತೆ. ಎರಡನ್ನೂ ಒಟ್ಟಿಗೆ ಅವನಿಗೇ ಕೊಟ್ಟುಬಿಟ್ಟಾರು. ಇಷ್ಟು ದಿನ ಅವನ ಮೈಗೆ ಸೇರಿದ್ದು ಚೂರೇ. ಮತ್ತೆ ಒಂದರಿಂದ ಶುರು ಮಾಡಲಿ. ಮಿಕ್ಕವರು ನಿಲ್ಲಿಸಲಿ, ನಾಲ್ಕು ದಿನ ನಿದ್ದೆ ಆಚೀಚೆ ಆಗುತ್ತೆ. ಅಜ್ಜಿಗೆ ತಲೆ ತಿರುಗಿದರೆ ನನಗೆ ಹೇಳಿ."

ಕೆಳಗಿಳಿದು ಬಂದರೆ ಈರೇಶ ಎದುರಿಗೇ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಹಂಗಾರೆ ಇನ್ಮ್ಯಾಲೆ ನಾನೊಬ್ನೇ ಕುಡೀಬೇಕಾ?"

ಇಂಥ ಪ್ರಶ್ನೆಗೆ ಗಂಗಲಕ್ಷ್ಮಿಯ ಹತ್ತಿರ ತರಬೇತಿಯಲ್ಲಿ ಕಲಿತ ಹತ್ತಾರು ಉತ್ತರಗಳಿದ್ದವು. ಅವತ್ತು ಒಂದನ್ನೂ ಹೇಳಲು ಮನಸ್ಸಾಗಲಿಲ್ಲ. ಬೊಮ್ಮಯ್ಯನಿಂದ ಕಲಿತದ್ದನ್ನೇ ಹೇಳಿದಳು. "ಹೌದಪ್ಪ, ನೀನೊಬ್ಬನೇ. ಮೊದಲು ನಿದ್ದೆ ಬರುತ್ತೆ. ಬಾಯಿ ಒಣಗುತ್ತೆ. ಹಸಿವು ಜಾಸ್ತಿ ಆಗುತ್ತೆ, ದಪ್ಪ ಆಗ್ತೀಯ, ಅದಕ್ಕೆ ನಡೀತಿರಬೇಕು. ಒಂದೆರಡು ವಾರ ಆದಮೇಲೆ ಆ ದನಿಗಳು ಸ್ವಲ್ಪ ಸ್ವಲ್ಪ ದೂರ ಹೋಗ್ತವೆ."

"ಎಷ್ಟು ದೂರ?"

"ಮೊದಲು ಪಕ್ಕದ ಹೊಲದಿಂದ ಕೂಗಿದಂಗೆ. ಆಮೇಲೆ ಗುಡ್ಡದ ಆಚೆಯಿಂದ."

"ಪೂರ್ತಿ ಹೋಗ್ತಾವಾ?"

"ಕೆಲವರಿಗೆ ಹೋಗ್ತವೆ. ನಿನಗೆ ಹೋಗ್ತವೋ ಇಲ್ವೋ ನಂಗೆ ಗೊತ್ತಿಲ್ಲ ಈರೇಶ."

ಅವನು ಅವಳ ಮುಖವನ್ನೇ ನೋಡಿದ. "ನೋಡಾಣ" ಎಂದು ರೊಪ್ಪದ ಬಾಗಿಲು ತೆಗೆದು ಕುರಿಗಳನ್ನು ಹೊರಗೆ ಬಿಟ್ಟ. ಕುಡಿಯುತ್ತೇನೆ ಎನ್ನಲಿಲ್ಲ, ಕುಡಿಯುವುದಿಲ್ಲ ಎಂದೂ ಅನ್ನಲಿಲ್ಲ.

ಆ ಎರಡು ವಾರ ಗಂಗಲಕ್ಷ್ಮಿಗೆ ಊಟ ಸೇರಲಿಲ್ಲ. ಡಾಕ್ಟರು ಬರುವ ದಿನ ಬಂತು. ಬಾಗಿಲಲ್ಲೇ ಕಾಯುತ್ತಿದ್ದವಳ ಕಣ್ಣಿಗೆ ಕಂಡದ್ದು: ಬೆಂಚಿನ ಮೇಲೆ ನೆಟ್ಟಗೆ ಕೂತು ಪಕ್ಕದವರ ಜೊತೆ ಕುರಿ ಬೆಲೆಯ ಬಗ್ಗೆ ಜಗಳವಾಡುತ್ತಿರುವ ಜುಂಜಣ್ಣ, ಅವನ ಹೆಗಲ ಮೇಲೆ ತಲೆಯಿಟ್ಟು, ಬಾಯಿ ತೆರೆದು, ಜೊಲ್ಲು ಸುರಿಸುತ್ತ ನಿದ್ದೆ ಹೋದ ಈರೇಶ. ಕೈಯಲ್ಲಿ ಅರ್ಧ ತಿಂದ ಬನ್ನು. ಜೊಲ್ಲು ಸುರಿಸುವವನನ್ನು ನೋಡಿ ಯಾರಾದರೂ ಸಂತೋಷಕ್ಕೆ ಕಣ್ಣೀರು ಹಾಕಿದ್ದು ಆ ಕೇಂದ್ರದಲ್ಲಿ ಅದೇ ಮೊದಲಿರಬೇಕು.

"ಈಗ ಎಲ್ಲಿದಾವಪ್ಪ ದನಿಗಳು?" ಎಂದು ಡಾಕ್ಟರು ಕೇಳಿದರು.

ಈರೇಶ ಆಕಳಿಸಿದ. "ಪಕ್ಕದ್ ಹೊಲ್ದಾಗೆ."

ಡಾಕ್ಟರ್ ಹರಿಪ್ರಿಯಾ ದೊಡ್ಡಾಸ್ಪತ್ರೆಗೆಂದು ಬರೆದಿಟ್ಟಿದ್ದ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು.

ಆಮೇಲಿನ ಒಂದು ತಿಂಗಳು ಗಂಗಲಕ್ಷ್ಮಿಯನ್ನು ಹಿಡಿಯುವವರಿರಲಿಲ್ಲ. ಬಂಡೆಯ ಕೆಳಗೆ ತಾನು ಆಡಿದ ಮಾತನ್ನು ಬೊಮ್ಮಯ್ಯನಿಗೆ ಮೂರು ಸಲ ಹೇಳಿದಳು. ಸಂಸ್ಥೆಯ ಸಭೆಯಲ್ಲಿ ಒಂದು ಸಲ ಹೇಳಿದಳು. ಚಳ್ಳಕೆರೆಯ ಮನೆಯಲ್ಲಿ ತನ್ನವ್ವನಿಗೆ ಹೇಳಿದಾಗ ಆಕೆ, "ಸಾಕು ಬಿಡೇ, ಸಾರು ಉಕ್ಕುತೈತೆ" ಎಂದಳು. ಮಾತ್ರೆಯ ಬಗ್ಗೆ ತಿಳಿದುಕೊಂಡು, ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೇ ಹುಡುಗ ಒಪ್ಪಿಕೊಂಡ. ಅರ್ಥವಾದರೆ ಯಾರೂ ಒಬ್ಬರೇ ನುಂಗಲು ಹೆದರುವುದಿಲ್ಲ ಎಂಬುದು ಅವಳ ಹೊಸ ಸಿದ್ಧಾಂತ. ನೋಟ್‌ಬುಕ್ಕಿನಲ್ಲಿ ಮೂವತ್ತೆರಡು ಔಷಧಿಗಳ ಹೆಸರು ತುಂಬಿತ್ತು. ಈಗ ಚೀಟಿ ಕೈಗೆ ಬಂದರೆ ದಾಟಿಸುವ ಮೊದಲು ಓದುತ್ತಿದ್ದಳು, ನುಂಗುವ ರೀತಿಯನ್ನು ಪ್ರತಿ ಮನೆಯವರಿಂದಲೂ ಮಾಡಿ ತೋರಿಸಿಕೊಳ್ಳುತ್ತಿದ್ದಳು. ಬೊಮ್ಮಯ್ಯ, "ಇನ್ನು ಕಿಟಕಿ ಹಿಂದೆ ನೀನೇ ಕೂತ್ಕೋಮ್ಮಾ, ನಾನು ಹೊರಗೆ ಕೂತು ಉಸಿರು ಎಳೆಸ್ತೀನಿ" ಎಂದು ಕಿಚಾಯಿಸುತ್ತಿದ್ದ.

ಸಂಕ್ರಾಂತಿ ಕಳೆಯಿತು. ಹಿಂಡು ತುಂಗಭದ್ರೆ ಕಡೆಯ ಗದ್ದೆ ಬಯಲಿಗೆ ಹೊರಟಿತು. ಮುಂದೆ ಈರೇಶ, ಹಿಂದೆ ಜುಂಜಣ್ಣ. ಫೆಬ್ರುವರಿಯಲ್ಲಿ ಮಾತ್ರೆ ಒಯ್ಯಲು ಪಾತಮ್ಮ ಒಬ್ಬಳೇ ಬಂದಳು. ಆ ಕಡೆ ಹೋಗುವ ಲಾರಿಯವನ ಕೈಲಿ ಕಳಿಸುತ್ತಾಳಂತೆ. ನಿದ್ದೆಯ ಮಂಕು ಹೋಗಿ ಕಣ್ಣು ಚುರುಕಾಗಿತ್ತು, ಆದರೆ ಮುಖ ಒಣಗಿತ್ತು.

"ತಪ್ಪದೇ ನುಂಗ್ತಾನಾ?" ಎಂದಳು ಗಂಗಲಕ್ಷ್ಮಿ. ಉತ್ತರ ಗೊತ್ತಿದ್ದೂ ಇನ್ನೊಮ್ಮೆ ಕೇಳುವ ಆಸೆ.

"ಒಂದಿನಾನೂ ತಪ್ಸಲ್ಲ. ರಾತ್ರಿ ಎಂಟಕ್ಕೆ ಫೋನ್ ಮಾಡ್ತಾನೆ. ನುಂಗ್ದೆ ಕಣವ್ವ, ನೀನು ಉಣ್ಣು ಅಂತಾನೆ."

"ನೀನು ಉಣ್ಣು ಅಂದ್ರೆ?"

"ಅವ್ನು ನುಂಗೋಗಂಟ ನಾನು ಉಣ್ಣಲ್ಲ ಅಂದಿದೀನಿ. ನೀನು ಹಟ್ಟಿಗೆ ಬಂದು ಹೋದ್ಯಲ್ಲ, ಅವತ್ತೇ ರಾತ್ರಿ ಅಂದೆ. ಆ ರಾತ್ರಿ ಅವ್ನು ನುಂಗ್ಲಿಲ್ಲ. ಮಾರ್ನೇ ದಿನಾನೂ ನುಂಗ್ಲಿಲ್ಲ. ಮೂರ್ನೇ ದಿನ ನಾನು ರೊಪ್ಪದಾಗೆ ಕಣ್ ಕತ್ಲೆ ಬಂದು ಬಿದ್ದೆ. ಅವ್ನೇ ಎತ್ಕೊಂಡ್ ಬಂದು, ಅತ್ತು, ಮಾತ್ರೆ ಬಾಯಿಗ್ ಹಾಕ್ಕೊಂಡ. ಅವತ್ತಿಂದ ಸರ್ಯಾಗ್ ಎಂಟ್ ಗಂಟೆ."

ಗಂಗಲಕ್ಷ್ಮಿಯ ಸಿದ್ಧಾಂತ ಅಲ್ಲೇ ಮೇಜಿನ ಮೇಲೆ ಮಕಾಡೆ ಮಲಗಿತು. ಕಿಟಕಿಯ ಹಿಂದೆ ಬೊಮ್ಮಯ್ಯ ಕೆಮ್ಮಿದ. ಆ ಕೆಮ್ಮಿನಲ್ಲಿ ನಗುವೇ ಹೆಚ್ಚಿತ್ತು.

"ಫೋನ್ ಬರದಿದ್ರೆ?"

"ಹೋದ್ ವಾರ ಒಂದಿನ ಬರ್ಲಿಲ್ಲ. ಸಿಗ್ನಲ್ ಇರ್ಲಿಲ್ವಂತೆ. ಬೆಳ್ಳಿ ಮೂಡೋ ಹೊತ್ಗೆ ಮಾಡ್ದ. ಯಾವ್ದೋ ಊರ್ ತಂಕ ಓಡ್ಕೊಂಡ್ ಹೋಗಿದ್ನಂತೆ, ಏದುಸ್ರು ಬಿಡ್ತಿದ್ದ."

"ಅಲ್ಲೀವರೆಗೂ ಉಂಡಿರಲಿಲ್ವಾ? ಪಾತಮ್ಮಾರೆ, ಇದು ಸರಿಯಲ್ಲ. ನಿಮಗೂ ವಯಸ್ಸಾಯ್ತು. ಈಗ ಅವನು ಒಬ್ಬನೇ ನುಂಗೋದು ಕಲಿತಿದಾನೆ, ನೀವು ನಿಮ್ಮ ಹೊತ್ತಿಗೆ ಉಂಡು ಮಲಗ್ರಿ."

ಪಾತಮ್ಮ ಮಾತ್ರೆಯ ಹಾಳೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದಳು. "ಮಾತ್ರೆ ಅವ್ನೊಬ್ಬಂದೇ ಅಂದೆ, ಬಿಟ್ಟುಕೊಟ್ಟೆ. ಹಸಿವು ನಂದು ತಾಯಿ. ಅದಕ್ಕೂ ನಿಮ್ ಚೀಟಿ ಬೇಕಾ?"